ಅಳಿಯ ಇಳಿಸಿದ ಶ್ರುತಿ

ದೊಡ್ಡ ಸಂಖ್ಯೆ ಎಂದರೆ ಒಳ್ಳೆಯದು ಎಂದು ಕನ್ನಡಕದವನು ನಂಬಿದ್ದ. ಸಂಬಳವಾಗಲಿ, ಪರೀಕ್ಷೆಯ ಅಂಕವಾಗಲಿ, ದೊಡ್ಡದಿದ್ದರೆ ಯಾರಿಗೆ ಬೇಡ? ಹಾಗಾಗಿ ಆ ದಿನ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತು, ಮಾವನವರ ಹಾಡಿನ ಫೈಲನ್ನು ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ, ಪರದೆಯ ಮೂಲೆಯಲ್ಲಿ ನಲವತ್ತನಾಲ್ಕು ಸಾವಿರ ಚಿಲ್ಲರೆ ಎಂಬ ಸಂಖ್ಯೆ ಕಂಡಿತು. ಅದರ ಕೆಳಗೇ ನಲವತ್ತೆಂಟು ಸಾವಿರವೂ ಇತ್ತು. ಅವನು ಹಿಂದೆಮುಂದೆ ನೋಡದೆ ನಲವತ್ತೆಂಟನ್ನು ಒತ್ತಿದ. ಅದು ಸೆಕೆಂಡಿಗೆ ಹಾಡಿನ ಎಷ್ಟು ತುಣುಕು ಓಡಬೇಕೆಂದು ಎಣಿಸುವ ಸಂಖ್ಯೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಯದ್ದಕ್ಕೆ ಕೈ ಹಾಕಬಾರದು ಎಂದು ಹಿರಿಯರು ಹೇಳಿದ್ದಾರೆ. ಆದರೆ ಹಿರಿಯರ ಕಾಲದಲ್ಲಿ ಒತ್ತುವುದಕ್ಕೆ ಇಷ್ಟೊಂದು ಗುಂಡಿಗಳಿರಲಿಲ್ಲ.

ಕನ್ನಡಕದ ಅಂಗಡಿಯೊಂದರಲ್ಲಿ ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಈಗ ಚೆನ್ನಾಗಿದೆಯಾ, ಈಗಲಾ?" ಎಂದು ಕೇಳುವುದು ಅವನ ಕೆಲಸ. ಇಡೀ ಕಟ್ಟಡವೇ ಅವನನ್ನು ಕನ್ನಡಕದವನು ಎಂದು ಕರೆಯುತ್ತಿತ್ತು. ತಮಾಷೆಯೆಂದರೆ ಅವನಿಗೇ ಕನ್ನಡಕವಿರಲಿಲ್ಲ.

ಇನ್ನು ಮಾವ. ಅವರು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು. ಅವರು ನಿವೃತ್ತರಾಗಿದ್ದರು, ಅವರ ಗಂಟಲು ಆಗಿರಲಿಲ್ಲ. ಮಗಳ ಮನೆಗೆ ಬಂದ ದಿನದಿಂದ ಆ ಮನೆ ಒಂದು ಜಂಕ್ಷನ್ನೇ ಆಗಿತ್ತು. "ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಟು ಹಾಲಿಗೆ ಬರಬೇಕಾದ ಚಹಾ, ಅನಿವಾರ್ಯ ಕಾರಣಗಳಿಂದ ತಡವಾಗಿ ಬರಲಿದೆ" ಎಂದು ಬೆಳಗಾಗುತ್ತಿತ್ತು. ಅಳಿಯ ಸ್ನಾನಕ್ಕೆ ಹೋಗಿ ಸ್ವಲ್ಪ ಹೊತ್ತಾದರೆ ಸಾಕು, "ಬಚ್ಚಲಿನಲ್ಲಿ ನಿಂತಿರುವ ಗಾಡಿ ಕೂಡಲೇ ಹೊರಡಬೇಕಾಗಿ ಕೋರಿಕೆ. ಹಿಂದಿನ ಗಾಡಿ ಸಿಗ್ನಲ್‌ಗೆ ಕಾಯುತ್ತಿದೆ" ಎಂದು ಬಾಗಿಲಾಚೆಯಿಂದ ಕೇಳುತ್ತಿತ್ತು. ಪಕ್ಕದ ಮನೆಯವರೂ ಆ ಘೋಷಣೆಗೆ ತಕ್ಕಂತೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಮನೆಯಲ್ಲಿದ್ದದ್ದು ಒಂದೇ ಮಲಗುವ ಕೋಣೆ. ಅದನ್ನು ಮಾವನವರಿಗೆ ಬಿಟ್ಟುಕೊಟ್ಟು, ಹೆಂಡತಿ ಹಾಲಿನಲ್ಲಿ ಮಡಚುವ ಮಂಚದ ಮೇಲೂ, ಕನ್ನಡಕದವನು ಸೋಫಾದ ಮೇಲೂ ಮಲಗುತ್ತಿದ್ದರು. ಸೋಫಾ ಅವನಿಗಿಂತ ಒಂದು ಗೇಣು ಗಿಡ್ಡ. ಕಾಲು ಚಾಚಿದರೆ ಚಪ್ಪಲಿ ಸ್ಟ್ಯಾಂಡಿಗೆ ತಗಲುತ್ತಿತ್ತು, ಮಡಚಿದರೆ ಮೊಣಕಾಲು ಗೋಡೆಗೆ ಬಡಿಯುತ್ತಿತ್ತು. ಮಾವ ಹೋಗಲಿ ಎಂದು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಬೆನ್ನು ಹೇಳದೆ ಬಿಡುತ್ತದೆಯೇ?

ಹೀಗಿರುವಾಗ ದೇವರೇ ಕಳಿಸಿದಂತೆ ಒಂದು ದಾರಿ ತೆರೆಯಿತು. ನಿವೃತ್ತ ರೈಲ್ವೆ ನೌಕರರ ಗಾಯನ ಮೇಳವೊಂದು ಬೇರೆ ಊರಿನಲ್ಲಿತ್ತು. ಅವರದೇ ವಸತಿ, ಅವರದೇ ತೋಟ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಅಲ್ಲಿಗೆ ಸೇರಬೇಕೆಂದು ಆಸೆಪಟ್ಟು ಅರ್ಜಿ ಹಾಕಿದವರು ಮಾವನವರೇ. ಮೇಳದ ಯಜಮಾನಿ ಒಂದು ದೋಣಿ ಹಾಡನ್ನು ಆರಿಸಿ, ಅದರ ಪಕ್ಕವಾದ್ಯವನ್ನಷ್ಟೇ ಫೈಲಾಗಿ ಕಳಿಸಿ, "ಇದರ ಜೊತೆ ಅಭ್ಯಾಸ ಮಾಡಿ, ನಾನೇ ಬಂದು ಕೇಳುತ್ತೇನೆ" ಎಂದಿದ್ದರು. ಮಾವ ಒಂದು ವಾರದಿಂದ ಕಂಪ್ಯೂಟರಿನ ಮುಂದೆ ಎದೆಯುಬ್ಬಿಸಿ ನಿಂತು ಹಾಡುತ್ತಿದ್ದರು. ಆ ಸಂಜೆ ಯಜಮಾನಿ ಬರುವವರಿದ್ದರು. ಪರೀಕ್ಷೆ ಕೆಳಗಿನ ಸಭಾಂಗಣದಲ್ಲಿ. ಅಲ್ಲಿದ್ದ ಸ್ಪೀಕರ್ ಪೆಟ್ಟಿಗೆ ಎಂಪಿತ್ರೀ ಬಿಟ್ಟರೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಯಜಮಾನಿ ಕಳಿಸಿದ್ದು ಒಂದಿಷ್ಟೂ ಹಿಂಡದ, ಶುದ್ಧವಾದ, ಭಾರವಾದ ಫೈಲು. ಅದನ್ನು ಬದಲಾಯಿಸುವ ಕೆಲಸ ಅಳಿಯನ ಪಾಲಿಗೆ ಬಂದದ್ದು ಹೀಗೆ.

ಸಂಖ್ಯೆ ಒತ್ತಿಯಾಯಿತು. ಆಮೇಲೆ ಕ್ವಾಲಿಟಿ ಯಾವುದು ಬೇಕೆಂದು ಕಂಪ್ಯೂಟರ್ ಕೇಳಿತು. "ಅತ್ಯುತ್ತಮ" ಒತ್ತಿದರೆ ಜಾಗವಿಲ್ಲ ಎಂದಿತು. "ಸಾಧಾರಣ" ಎಂದ ಮೇಲೆ ಗೊಣಗುತ್ತಾ ಒಪ್ಪಿ ಕೆಲಸ ಮುಗಿಸಿತು. ಆದರೂ ಜಾಗವಿಲ್ಲ ಎಂಬ ರಾಗ ನಿಲ್ಲಲಿಲ್ಲ. ಕನ್ನಡಕದವನು ಆ ಭಾರದ ಮೂಲ ಫೈಲನ್ನು ಅಳಿಸಿಹಾಕಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಮನೆಯ ಕಸದ ಬುಟ್ಟಿಯನ್ನು ಖಾಲಿ ಮಾಡೆಂದು ಹೆಂಡತಿ ವಾರಗಟ್ಟಲೆ ಹೇಳಿದರೂ ಮಾಡದವನು ಇದನ್ನು ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಮಾಡಿದ್ದ.

ಹೊಸ ಫೈಲನ್ನು ಚಿಕ್ಕ ಸ್ಪೀಕರಿಗೆ ಹಾಕಿಕೊಟ್ಟು ಅವನು ಶೂ ಹುಡುಕುತ್ತಿದ್ದಾಗ ಮಾವ ಹಾಡಲು ಶುರುಮಾಡಿದರು. ಮೊದಲ ಸಾಲಿಗೇ ದೋಣಿ ಯಾಕೋ ಜೋರಾಗಿ ಹೊರಟಿತು. ಎರಡನೆಯ ಸಾಲಿನಲ್ಲಿ ಮಾವನವರಿಗೆ ಏದುಸಿರು ಬಂತು. ಕೊನೆಯ ಸಾಲಿನಲ್ಲಿ "ದಡ" ಎಂಬ ಪದವನ್ನು ಮೇಲಕ್ಕೆಳೆದು ಹಿಡಿದು ನಿಲ್ಲಬೇಕು. ಅಲ್ಲಿಗೆ ಬರುತ್ತಲೇ ಅವರ ಗಂಟಲು ಎಣ್ಣೆ ಕಾಣದ ಬಾಗಿಲಿನಂತೆ ಕಿರ್ ಎಂದಿತು. ಮಾವ ಕೆಮ್ಮಿದರು, ನೀರು ಕುಡಿದರು, ಇನ್ನೊಮ್ಮೆ ಹಾಡಿದರು. ಬಾಗಿಲು ಇನ್ನಷ್ಟು ಜೋರಾಗಿ ಕಿರ್ ಎಂದಿತು.

"ಏನಾಯ್ತು ಮಾವ?"

"ಏನಿಲ್ಲ. ನೀವು ಹೊರಡಿ, ತಡವಾಗುತ್ತೆ" ಎಂದರು ಮಾವ. ಸಾದಾ ದನಿಯಲ್ಲಿ, ಎಲ್ಲರೂ ಹೇಳುವ ಹಾಗೆ ಹೇಳಿದರು. ಪ್ರಯಾಣಿಕರ ಗಮನಕ್ಕೆ ಎನ್ನಲಿಲ್ಲ. ಕನ್ನಡಕದವನಿಗೆ ಅದು ಹೊಳೆದದ್ದು ಅಂಗಡಿ ಮುಟ್ಟಿದ ಮೇಲೆ.

ಹೊಳೆಯುವಂತೆ ಮಾಡಿದ್ದು ಹೆಂಡತಿಯ ಫೋನು. ಅವಳು ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸ ಮಾಡುವವಳು, ಮಧ್ಯಾಹ್ನದ ಪಾಳಿ. ಮಾತು ಕಡಿಮೆ, ಆಡಿದರೆ ಹಲ್ಲು ಕಿತ್ತ ಹಾಗೆ.

"ರೀ, ಅಪ್ಪ ಘೋಷಣೆ ಮಾಡ್ತಿಲ್ಲ."

"ಸದ್ಯ" ಎಂದುಬಿಟ್ಟ ಇವನು.

"ಸದ್ಯ ಅಲ್ಲ. ನಾನು ಚಹಾ ಇಟ್ಟೆ, ಸುಮ್ನೆ ಕುಡಿದ್ರು. ಕುಕ್ಕರ್ ಕೂಗಿತು, ಯಾವ ಗಾಡಿ ಅಂತ ಹೇಳ್ಲಿಲ್ಲ. ಕೋಣೆ ಬಾಗಿಲು ಹಾಕ್ಕೊಂಡಿದ್ದಾರೆ. ಕೇಳಿದ್ರೆ, 'ಗಂಟಲು ಮುಗೀತು ಕಣಮ್ಮ, ವಯಸ್ಸಾಯ್ತು, ಮೇಳದ ಆಯಮ್ಮನಿಗೆ ಬರಬೇಡಿ ಅಂತ ಹೇಳಿಬಿಡು' ಅಂದ್ರು. ಮೇಲಿನ ಮನೆ ಗಿಣಿಯಮ್ಮ ಬಂದು ಉಪ್ಪುನೀರು ಮುಕ್ಕಳಿಸೋಕೆ ಕೊಟ್ಟಿದ್ದಾರೆ. ಕತ್ತಿಗೆ ಮೂರು ಸುತ್ತು ಮಫ್ಲರ್ ಸುತ್ತಿ, ಸಂಜೆವರೆಗೆ ಮಾತೇ ಆಡಬೇಡಿ ಅಂದಿದ್ದಾರೆ."

ಗಿಣಿಯಮ್ಮ ಮೇಲಿನ ಮನೆಯಲ್ಲಿ ಒಂಟಿಯಾಗಿದ್ದ ಹೆಂಗಸು. ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ತಪ್ಪಿಲ್ಲದೆ ಒಪ್ಪಿಸುತ್ತಿದ್ದುದರಿಂದ ಆ ಹೆಸರು. ಅವರು ಔಷಧಿ ಹೇಳಿದರೆಂದರೆ ಕಾಯಿಲೆಯ ಸುದ್ದಿ ಆಗಲೇ ಕಟ್ಟಡದ ಪ್ರತಿ ಮನೆಯ ಹೊಸ್ತಿಲು ದಾಟಿದೆ ಎಂದೇ ಅರ್ಥ.

ಕನ್ನಡಕದವನು ಫೋನಿಟ್ಟ. ಮೊದಲು ಬೆನ್ನು ಮಾತಾಡಿತು: ಇವತ್ತು ಮಾವ ಹಾಡದಿದ್ದರೆ ಸೋಫಾ ನಿನಗೆ ಶಾಶ್ವತ. ಆಮೇಲೆ ಬೆನ್ನಿಗಿಂತ ಒಳಗಿನದು ಮಾತಾಡಿತು. ಜೀವಮಾನವಿಡೀ ಯಾವುದನ್ನು ನಂಬಿ ಬದುಕಿದರೋ ಆ ಗಂಟಲನ್ನೇ ಮಾವ ನಂಬದೆ ಕೂತಿದ್ದರು. ಕುಕ್ಕರ್ ಕೂಗಿಯೂ ಘೋಷಣೆಯಿಲ್ಲದ ಆ ಮನೆಯನ್ನು ನೆನೆದು ಅವನು ಮತ್ತೆ ಮೊಬೈಲು ಕೈಗೆತ್ತಿಕೊಂಡ.

ಕಳೆದ ವಾರ ಮಾವ ಅಭ್ಯಾಸ ಮಾಡುವಾಗ ಹೆಂಡತಿ ಮೊಬೈಲಿನಲ್ಲಿ ಹಿಡಿದ ವಿಡಿಯೊ ಅವನ ಬಳಿ ಇತ್ತು. ಅದನ್ನು ಹಾಕಿದ. ಮೊಬೈಲಿಗೂ ತುಂಬಿಕೊಂಡಿದ್ದ ಬೆಳಗಿನ ಎಂಪಿತ್ರೀಯನ್ನೂ ಹಾಕಿದ. ಮೊದಲನೆಯದರಲ್ಲಿ ದೋಣಿ ನೀರಿನ ಮೇಲೆ ಮೆಲ್ಲಗೆ ತೇಲುತ್ತಿತ್ತು. ಎರಡನೆಯದರಲ್ಲಿ ಪೊಲೀಸರು ಬೆನ್ನಟ್ಟಿದ ಕಳ್ಳನಂತೆ ಓಡುತ್ತಿತ್ತು, ಶ್ರುತಿಯೂ ಮಹಡಿ ಹತ್ತಿತ್ತು. ಮಾವನವರ ಗಂಟಲಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ಅಳಿಯನ ಕೈಗೆ.

ಮೇಳದವರು ಕಳಿಸಿದ್ದ ಲಿಂಕನ್ನು ಒತ್ತಿದರೆ "ಅವಧಿ ಮುಗಿದಿದೆ" ಎಂದು ಬಂತು. ಯಜಮಾನಿಗೆ ಫೋನ್ ಮಾಡಿದರೆ ರೈಲಿನಲ್ಲಿದ್ದರೋ ಏನೋ, ಸಿಗಲಿಲ್ಲ. ಹೆಂಡತಿಗೆ ಮಾತ್ರ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡ. ಅವಳು, "ಸಂಜೆಯೊಳಗೆ ಸರಿಮಾಡಿ. ಆಯಮ್ಮನ್ನ ನಾನು ತಡೆಯಲ್ಲ" ಎಂದು ಫೋನಿಟ್ಟಳು.

ಅಂಗಡಿಯಲ್ಲಿ ಗಾಜು ಉಜ್ಜುವ ಸಹೋದ್ಯೋಗಿಯೊಬ್ಬನಿದ್ದ. ಏನು ಹೇಳಹೊರಟರೂ ಪೂರ್ತಿ ಕೇಳಿಸಿಕೊಳ್ಳದೆ "ಗೊತ್ತು ಬಿಡಿ" ಎನ್ನುತ್ತಿದ್ದುದರಿಂದ ಅವನಿಗೆ ಗೊತ್ತುಬಿಡಿ ಎಂದೇ ಹೆಸರಾಗಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಕನ್ನಡಕದವನು ಅವನನ್ನು ಹಿಡಿದುಕೊಂಡ.

"ನಾನು ಒಂದು ಸಂಖ್ಯೆ ಜಾಸ್ತಿ ಮಾಡಿದೆ ಕಣೋ, ನಲವತ್ನಾಲ್ಕು ಇದ್ದಿದ್ದನ್ನ..."

"ಗೊತ್ತು ಬಿಡಿ. ಸಂಖ್ಯೆಯಿಂದ ಏನೂ ಆಗಲ್ಲ" ಎಂದು ಗೊತ್ತುಬಿಡಿ, ಇದ್ದ ಒಂದೇ ನಿಜವಾದ ಕಾರಣವನ್ನು ಕೈಬೀಸಿ ತಳ್ಳಿಹಾಕಿದ. "ನೀವು ಫೈಲನ್ನ ಹಿಂಡಿದ್ದೀರಿ. ಹಿಂಡಿದ್ದಕ್ಕೆ ಅದು ಕಿರುಚ್ತಿದೆ. ಮತ್ತೆ ದೊಡ್ಡ ಫಾರ್ಮ್ಯಾಟಿಗೆ ತಿರುಗಿಸಿದ್ರೆ ಉಸಿರಾಡುತ್ತೆ."

ಬಿಲ್ಲು ಬರೆಯುವ ಕಂಪ್ಯೂಟರಿನಲ್ಲಿ ಇಬ್ಬರೂ ಕೂತರು. ಚಿಕ್ಕ ಎಂಪಿತ್ರೀಯನ್ನು ದೊಡ್ಡ ಫಾರ್ಮ್ಯಾಟಿಗೆ ತಿರುಗಿಸಿದರು. ಫೈಲು ಹತ್ತು ಪಟ್ಟು ಊದಿಕೊಂಡಿತು. ಹಾಕಿ ಕೇಳಿದರೆ ಅದೇ ಓಟ, ಅದೇ ಕಿರುಚಾಟ. ಹಿಂಡಿ ಎಸೆದ ನಿಂಬೆಹಣ್ಣನ್ನು ದೊಡ್ಡ ಡಬ್ಬಿಯಲ್ಲಿಟ್ಟರೆ ರಸ ತಿರುಗಿ ಬರುತ್ತದೆಯೇ? ಗೊತ್ತುಬಿಡಿ ಛಲ ಬಿಡದೆ ಅದನ್ನು ಇನ್ನೊಂದು ಫಾರ್ಮ್ಯಾಟಿಗೆ ತಿರುಗಿಸಿ, ಅಲ್ಲಿಂದ ಮತ್ತೊಂದಕ್ಕೆ ಹಾಕಿದ. ಊದಿಕೊಂಡದ್ದು ಇನ್ನಷ್ಟು ಊದಿಕೊಂಡಿತೇ ಹೊರತು ದೋಣಿ ನಿಧಾನವಾಗಲಿಲ್ಲ. ಬಿಲ್ಲಿನ ಕಂಪ್ಯೂಟರು ಮಾತ್ರ ನಿಧಾನವಾಯಿತು.

ಅಷ್ಟರಲ್ಲಿ ದಪ್ಪ ಮೀಸೆಯ ಗಿರಾಕಿಯೊಬ್ಬರು ಕಣ್ಣು ತೋರಿಸಲು ಬಂದರು. ಕನ್ನಡಕದವನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಚೌಕಟ್ಟು ಸಿಕ್ಕಿಸಿ, ಗಾಜು ಹಾಕಿದ. ಆ ಹೊತ್ತಿಗೆ ಗೊತ್ತುಬಿಡಿ ಪರದೆಯ ಮೇಲೆ ಹೊಸದೊಂದನ್ನು ಕಂಡುಹಿಡಿದಿದ್ದ. ಅಡ್ಡಲಾಗಿ ಒಂದು ಗೆರೆ, ಅದರ ಮೇಲೆ ಒಂದು ಗುಂಡು. ಗುಂಡನ್ನು ಎಡಕ್ಕೆ ಎಳೆದರೆ ಹಾಡಿನ ಓಟ ಕಡಿಮೆಯಾಗಿ ಶ್ರುತಿಯೂ ಕೆಳಗಿಳಿಯುತ್ತಿತ್ತು, ಬಲಕ್ಕೆ ಎಳೆದರೆ ಮೇಲೇರುತ್ತಿತ್ತು. ಅವನು ಎಡಕ್ಕೆ ಎಳೆದ. ದೋಣಿಗೆ ಒಂಚೂರು ದಣಿವಾಯಿತು.

"ಈಗ ಚೆನ್ನಾಗಿದೆಯಾ, ಈಗಲಾ?" ಎಂದು ಕನ್ನಡಕದವನು ಗಾಜು ಬದಲಾಯಿಸಿ ಗಿರಾಕಿಯನ್ನು ಕೇಳಿದ.

"ಮೊದಲಿಗಿಂತ ಪರವಾಗಿಲ್ಲ. ಆದ್ರೂ ಅವಸರ ಇದೆ" ಎಂದರು ಗಿರಾಕಿ.

"ಅವಸರಾನಾ?"

"ಹಾಡಲ್ಲಿ ಸ್ವಾಮಿ. ಅಕ್ಷರ ಆಗಲೇ ಕಾಣಿಸ್ತು, ಅದನ್ನ ಬಿಡಿ."

ಗೊತ್ತುಬಿಡಿ ಇನ್ನೊಂದಿಷ್ಟು ಎಳೆದ. ಮೊಬೈಲಿನ ವಿಡಿಯೊದ ಜೊತೆ ಹೋಲಿಸಿದರೆ ಹೆಚ್ಚೂಕಡಿಮೆ ಸರಿಹೊಂದಿತ್ತು. ಕನ್ನಡಕದವನು "ಸಾಕು, ನಿಲ್ಸು" ಎಂದ. ಗಿರಾಕಿ ಕೈ ಎತ್ತಿದರು. ಒಂದು ಕಣ್ಣು ಮುಚ್ಚಿ, ಮೂಗಿನ ಮೇಲೆ ಅರ್ಧ ಸೇರು ಗಾಜು ಹೊತ್ತು ಕೂತಿದ್ದರೂ ಅವರ ಕಿವಿ ಪೂರ್ತಿ ತೆರೆದಿತ್ತು. ಅವರು ಜೊತೆಗೇ ಗುನುಗುತ್ತಾ ಕೊನೆಯ ಸಾಲಿನಲ್ಲಿ ತಡೆದು, "ಇಲ್ಲಿ ಕತ್ತಿನ ನರ ಎಳೆಯುತ್ತೆ. ಇನ್ನೊಂದು ಮೆಟ್ಟಿಲು ಇಳಿಸಿ, ಹಾಯಾಗಿರುತ್ತೆ" ಎಂದರು. ಗಿರಾಕಿ ಹಾಯಾಗಿದೆ ಎನ್ನುವ ತನಕ ಬದಲಾಯಿಸುತ್ತಾ ಹೋಗುವುದು ಆ ಅಂಗಡಿಯ ಧರ್ಮ. ಗೊತ್ತುಬಿಡಿ ಇಳಿಸಿಬಿಟ್ಟ.

"ಅಯ್ಯೋ, ಬೇಡ ಬೇಡ, ಅದು ಮೊದಲಿದ್ದದ್ದಕ್ಕಿಂತ ಕೆಳಗೆ..." ಎಂದು ಕನ್ನಡಕದವನು ಬಾಯಿ ತೆಗೆಯುವುದಕ್ಕೂ ಮಾಲೀಕರು ಬಾಗಿಲು ತಳ್ಳಿಕೊಂಡು ಬರುವುದಕ್ಕೂ ಸರಿಹೋಯಿತು. ಬಿಲ್ಲಿನ ಕಂಪ್ಯೂಟರಿನಲ್ಲಿ ದೋಣಿ ತೇಲುತ್ತಿರುವುದನ್ನು ಅವರು ಕಂಡರೆ ಇಬ್ಬರ ಕೆಲಸವೂ ಮುಳುಗಿದಂತೆ. ಗೊತ್ತುಬಿಡಿ ಹೇಗಿತ್ತೋ ಹಾಗೇ ಎಂಪಿತ್ರೀ ಮಾಡಿ, ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಕಿ, ಉಳಿದದ್ದನ್ನೆಲ್ಲ ಅಳಿಸಿಬಿಟ್ಟ. ಗಿರಾಕಿ ಎದ್ದು ಮಾಲೀಕರಿಗೆ, "ನಿಮ್ಮ ಅಂಗಡೀಲಿ ಸೇವೆ ಚೆನ್ನಾಗಿದೆ" ಎಂದು ಹೇಳಿ, ಮೂಗಿನ ಮೇಲಿನ ಚೌಕಟ್ಟನ್ನೇ ಹಾಕಿಕೊಂಡು ಬೀದಿಗಿಳಿದರು. ಅವರನ್ನು ಹಿಂದೆ ಓಡಿಹೋಗಿ ಕರೆತರಬೇಕಾಯಿತು.

ಸಂಜೆ ಕನ್ನಡಕದವನು ಕಾರ್ಡನ್ನು ಜೇಬಿನಲ್ಲಿ ಅದುಮಿ ಹಿಡಿದು ಮನೆಗೆ ಬಂದಾಗ ಹಾಲಿನಲ್ಲಿ ಗಿಣಿಯಮ್ಮ ಕಾವಲು ಕೂತಿದ್ದರು. "ಮಾತಾಡಿಸ್ಬೇಡಪ್ಪಾ. ಮೌನದಲ್ಲಿದ್ದಾರೆ. ನನಗೆ ಗೊತ್ತಿರೋರ ಅಣ್ಣನಿಗೂ ಹೀಗೇ ಆಗಿತ್ತು. ಆಮೇಲೆ ಅವರು ಮಾತೇ ಆಡ್ಲಿಲ್ಲ" ಎಂದರು.

"ಯಾರ ಜೊತೆಗೂ?"

"ನನ್ನ ಜೊತೆ."

ಸಭಾಂಗಣದಲ್ಲಿ ಯಜಮಾನಿ ಆಗಲೇ ಬಂದು ಕೂತಿದ್ದಾರೆ ಎಂದು ಹೆಂಡತಿ ಕೆಳಗಿನಿಂದ ಫೋನ್ ಮಾಡಿದಳು. ಮಧ್ಯಾಹ್ನದ ಪಾಳಿಗೆ ರಜೆ ಹಾಕಿ, ಅವರನ್ನು ಮಾತಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಕನ್ನಡಕದವನು ಕೋಣೆಯ ಬಾಗಿಲು ತಟ್ಟಿದ. ಮತ್ತೆ ತಟ್ಟಿದ.

"ಈ ನಿಲ್ದಾಣ ಮುಚ್ಚಿದೆ" ಎಂದು ಒಳಗಿನಿಂದ ಪಿಸುದನಿ ಬಂತು.

ನಿಜ ಹೇಳಿಬಿಡೋಣ ಎಂದುಕೊಂಡರೆ ಹಿಂದೆ ಗಿಣಿಯಮ್ಮ ಕೂತಿದ್ದಾರೆ. ಹೇಳಿದರೆ ಇಡೀ ಕಟ್ಟಡಕ್ಕೆ ಹೇಳಿದಂತೆ. ಏನು ಮಾಡಬೇಕೆಂದು ತೋಚದೆ, ತಾನು ಜನ್ಮದಲ್ಲೇ ಮಾಡಿರದ ಕೆಲಸವನ್ನು ಅವನು ಮಾಡಿದ. ಬಾಗಿಲಿಗೆ ಬಾಯಿಟ್ಟು, ಮೂಗು ಬಿಗಿಹಿಡಿದು ಶುರುಮಾಡಿದ:

"ಪ್ರಯಾಣಿಕರ ಗಮನಕ್ಕೆ ಕೋಣೆಯಿಂದ ಸಭಾಂಗಣಕ್ಕೆ ಹೋಗಬೇಕಾದ ಮಾವನವರು ತಾಂತ್ರಿಕ ತೊಂದರೆಯಿಂದ ತಡವಾಗಿದ್ದು ಆ ತೊಂದರೆಯನ್ನು ಈಗ ಸರಿಪಡಿಸಲಾಗಿದ್ದು ತೊಂದರೆ ಅವರದ್ದಲ್ಲ ಅಂತ..."

"'ಗಮನಕ್ಕೆ' ಅಂದಮೇಲೆ ಉಸಿರು ಬಿಡಬೇಕು" ಎಂದಿತು ಒಳಗಿನ ಪಿಸುದನಿ.

"ಪ್ರಯಾಣಿಕರ ಗಮನಕ್ಕೆ." ಅಳಿಯ ಉಸಿರು ಬಿಟ್ಟ.

"ಈಗ ಗಾಡಿಯ ಹೆಸರು. ಗಾಬರಿ ಬೇಡ. ಜನ ಆಗಲೇ ಗಾಬರಿಯಲ್ಲಿರ್ತಾರೆ, ನಾವೂ ಗಾಬರಿಯಾದ್ರೆ ಹೇಗೆ?" ಪಿಸುದನಿ ಹೋಗಿ ಅರ್ಧ ದನಿಯಾಗಿತ್ತು.

"ಮಾವ, ಒಂದೇ ಒಂದು ಸಲ ಹಾಡಿ. ಬರ್ಲಿಲ್ಲ ಅಂದ್ರೆ ನಾನೇ ಆಯಮ್ಮನಿಗೆ ಹೇಳಿ ಕಳಿಸ್ತೀನಿ. ನೀವು ಸುಮ್ಮನಿದ್ರೆ ಈ ಮನೇಲಿ ಹೊತ್ತು ಎಷ್ಟಾಯ್ತು ಅಂತಾನೇ ತಿಳಿಯಲ್ಲ."

ಇದನ್ನು ಅವನು ಉಪಾಯವಾಗಿ ಹೇಳಲಿಲ್ಲ, ಮನಸ್ಸಿನಿಂದಲೇ ಬಂದುಬಿಟ್ಟಿತ್ತು. ಚಿಲಕ ಸರಿದ ಸದ್ದಾಯಿತು. ಮಾವ ಮಫ್ಲರ್ ಬಿಚ್ಚುತ್ತಾ ಹೊರಗೆ ಬಂದರು. ಅದು ನಿಜಕ್ಕೂ ಮೂರು ಸುತ್ತಿತ್ತು.

ಸಭಾಂಗಣದಲ್ಲಿ ಯಾರೂ ಕರೆಯದಿದ್ದರೂ ಕಟ್ಟಡದ ಅರ್ಧ ಜನ ಸೇರಿದ್ದರು. ಗಿಣಿಯಮ್ಮನ ಸೇವೆ ಅಂಥದ್ದು. ಮುಂದಿನ ಸಾಲಿನಲ್ಲಿ ಮೇಳದ ಯಜಮಾನಿ ಕೂತಿದ್ದರು. ಬೆನ್ನು ನೆಟ್ಟಗೆ, ಮಡಿಲಲ್ಲಿ ಕೈಚೀಲ, ನಗು ಎಂಬುದು ಮುಖದ ಹತ್ತಿರವೂ ಸುಳಿದಿರಲಿಲ್ಲ. ಕನ್ನಡಕದವನು ಕಾರ್ಡನ್ನು ಸ್ಪೀಕರಿಗೆ ತೂರಿಸಿ ಗುಂಡಿ ಒತ್ತಿದ.

ದೋಣಿ ಹೊರಟಿತು. ಅವಸರವಿಲ್ಲದೆ, ಗಾಳಿಯಿಲ್ಲದ ದಿನ ಹೊರಟಂತೆ. ಮಾವ ಅನುಮಾನಿಸುತ್ತಲೇ ಮೊದಲ ಸಾಲು ತೆಗೆದುಕೊಂಡರು. ಎರಡನೆಯ ಸಾಲಿಗೆ ಅವರ ಹುಬ್ಬು ಮೇಲೇರಿತು. ಮೂರನೆಯ ಸಾಲಿಗೆ ಎದೆಯೂ ಏರಿತು. ಕೊನೆಯ "ದಡ" ಬಂದಾಗ ಕನ್ನಡಕದವನು ಕಣ್ಣು ಮುಚ್ಚಿಕೊಂಡ. ಕಿರ್ ಎನ್ನಲಿಲ್ಲ. ಮಾವ ಆ ಪದವನ್ನು ಎತ್ತಿ, ಹಿಡಿದು, ಬೇಕಾದಷ್ಟು ಹೊತ್ತು ನಿಲ್ಲಿಸಿಕೊಂಡು, ಗಾಡಿಯನ್ನು ಪ್ಲಾಟ್‌ಫಾರ್ಮಿಗೆ ತರುವ ಹಾಗೆ ಮೆಲ್ಲಗೆ ತಂದು ನಿಲ್ಲಿಸಿದರು. ಪಕ್ಕವಾದ್ಯ ಮುಗಿದ ಮೇಲೂ ಅವರ ದನಿ ಸಭಾಂಗಣದ ಮೂಲೆಗಳಲ್ಲಿ ಉಳಿದಿತ್ತು.

ಚಪ್ಪಾಳೆಯೋ ಚಪ್ಪಾಳೆ. ಬೀಸೋ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಷ್ಯ ಎನ್ನುತ್ತಾರೆ. ಕನ್ನಡಕದವನಿಗೆ ಆ ಕ್ಷಣದಲ್ಲಿ ಇನ್ನೂರು ವರ್ಷ ಸಿಕ್ಕಂತಾಯಿತು. ಗಿಣಿಯಮ್ಮ ಪಕ್ಕದವರಿಗೆ, "ಉಪ್ಪುನೀರು" ಎಂದರು.

ಯಜಮಾನಿ ಎದ್ದು ನಿಂತರು. "ಸ್ವರ ಅಪ್ಪಟವಾಗಿದೆ. ನಿಮ್ಮನ್ನ ತಗೊಂಡಿದ್ದೀವಿ. ನಾಳೆಯ ಗಾಡಿಗೇ ನನ್ನ ಜೊತೆ ಹೊರಡಬಹುದು" ಎಂದರು. ಆಮೇಲೆ ಸ್ಪೀಕರ್ ಪೆಟ್ಟಿಗೆಯ ಕಡೆ ಒಂದು ನೋಟ, ಅಲ್ಲಿಂದ ಕನ್ನಡಕದವನ ಕಡೆ ಒಂದು ನೋಟ ಬೀರಿ, "ನಾವು ಕಳಿಸಿದ ಶ್ರುತಿ ಇದಲ್ಲ. ಇರಲಿ, ಅದನ್ನ ಆಮೇಲೆ ಮಾತಾಡೋಣ" ಎಂದರು.

ಅವನ ಎದೆ ಒಮ್ಮೆ ಧಸಕ್ಕೆಂದಿತು. ಆದರೆ "ಇರಲಿ" ಎಂದ ಮೇಲೆ ಇರಲಿ ಎಂದೇ ತಾನೇ ಅರ್ಥ? ಮಾವ ಮತ್ತು ಯಜಮಾನಿ ಮಾತಿಗೆ ಕೂತರು. ಅಲ್ಲಿ ನಿಂತು ಇನ್ನಷ್ಟು ನೋಟಗಳಿಗೆ ಸಿಗುವುದಕ್ಕಿಂತ ಮನೆಯೇ ಮೇಲೆಂದು ಕನ್ನಡಕದವನು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಬಂದ.

ನಾಳೆಯೇ ಹೊರಡುವವರಿಗೆ ಇವತ್ತೇ ಸಹಾಯ ಮಾಡಬೇಡವೇ? ಕೋಣೆಯ ಅಟ್ಟದ ಮೇಲಿದ್ದ ಮಾವನವರ ಪೆಟ್ಟಿಗೆಯನ್ನು ಇಳಿಸಿದ. ವಿಪರೀತ ಭಾರವಿತ್ತು. ಧೂಳು ಒರೆಸಿ ಮಂಚದ ಪಕ್ಕದಲ್ಲಿಟ್ಟ. ಮಂಚ ಕಂಡಿತು. ಅಗಲವಾದ, ಉದ್ದವಾದ, ಅವನದೇ ಮಂಚ. ಒಂದು ನಿಮಿಷವೆಂದು ಅದರ ಮೇಲೆ ಮಲಗಿ ಕಾಲು ಚಾಚಿದ. ಕಾಲು ಎಲ್ಲಿಗೂ ತಗಲಲಿಲ್ಲ. ಇನ್ನೂ ಚಾಚಿದ. ಆಗಲೂ ತಗಲಲಿಲ್ಲ. ಸುಖಕ್ಕೆ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಮಾವ ನಿಂತಿದ್ದರು, ಅವರ ಹಿಂದೆ ಹೆಂಡತಿ. ಮಾವ ಮಂಚದ ಮೇಲಿನ ಅಳಿಯನನ್ನು ನೋಡಿದರು, ಒರೆಸಿಟ್ಟ ಪೆಟ್ಟಿಗೆಯನ್ನು ನೋಡಿದರು. ಕನ್ನಡಕದವನು ಸ್ಪ್ರಿಂಗಿನಂತೆ ಎದ್ದು ನಿಂತ.

"ಪೆಟ್ಟಿಗೆ ಇಳಿಸಿದ್ರಾ? ಒಳ್ಳೇದಾಯ್ತು" ಎಂದು ಮಾವ ಮಂಚದ ಮೇಲೆ ಕೂತರು. "ಒಂದು ಮಾತು ಕೇಳ್ತೀನಿ ಅಳಿಯಂದಿರೇ. ಹಾಡನ್ನ ಇಳಿಸಿದ್ದು ನೀವು ತಾನೇ?"

"ಮಾವ, ಅದು ಹಾಗಲ್ಲ, ಬೆಳಗ್ಗೆ ನಾನು..."

"ಬೆಳಗ್ಗೆ ನನಗೆ ನನ್ನ ಗಂಟಲ ಮೇಲೇ ಅನುಮಾನ ಬಂತು. ಸಂಜೆ ಮೊದಲ ಸಾಲಿಗೇ ತಿಳೀತು. ವಾರದಿಂದ ಈ ಹಾಡನ್ನ ನಾನು ತುದಿಗಾಲಲ್ಲಿ ನಿಂತು ಹಾಡ್ತಿದ್ದೆ, ಯಾರಿಗೂ ಹೇಳಿರ್ಲಿಲ್ಲ. ಇವತ್ತು ಅಂಗಾಲು ಊರಿ ಹಾಡಿದೆ. ಒಂದೇ ದಿನದಲ್ಲಿ ಗಂಟಲಿಗೆ ಪ್ರಾಯ ತಿರುಗಿ ಬರುತ್ತಾ? ಯಾರೋ ನನಗೋಸ್ಕರ ಹಾಡನ್ನೇ ಇಳಿಸಿದ್ದಾರೆ ಅಂದ್ಕೊಂಡೆ. ಈ ಮನೇಲಿ ಆ ಕೆಲಸ ಬಲ್ಲೋರು ಇನ್ಯಾರು?"

ಕನ್ನಡಕದವನು ಮತ್ತೆ ಬಾಯಿ ತೆಗೆದ. ಹೆಂಡತಿ ಅವನ ಕಾಲ ಬೆರಳನ್ನು ಮೆಟ್ಟಿದಳು. ಅವನು ಬಾಯಿ ಮುಚ್ಚಿದ.

"ಸ್ಟೇಷನ್‌ನಲ್ಲಿದ್ದಷ್ಟು ವರ್ಷವೂ ಇನ್ನೂ ಜೋರಾಗಿ, ಇನ್ನೂ ಎತ್ತರಕ್ಕೆ ಅಂದೋರೇ ಎ‌ಲ್ಲಾ. ನಿಮಗೆ ಎಷ್ಟು ಹಿತ ಅಂತ ಒಬ್ಬರೂ ಕೇಳ್ಲಿಲ್ಲ. ನೀವು ನಾನು ಕೇಳದೇನೇ ಇಳಿಸಿದ್ರಿ. ನಾಚಿಕೆ ಆಗಬಾರದು ಅಂತ ನನಗೆ ಹೇಳಲೂ ಇಲ್ಲ." ಮಾವನವರ ಕಣ್ಣು ಹನಿಗೂಡಿತ್ತು. "ಆಯಮ್ಮನನ್ನ ಕೇಳಿದೆ, ಅಲ್ಲಿ ನನಗೆ ಯಾರಾದ್ರೂ ಹೀಗೆ ಇಳಿಸಿಕೊಡ್ತಾರಾ ಅಂತ. ಒಬ್ಬೊಬ್ಬರಿಗೆ ಒಂದೊಂದು ಶ್ರುತಿ ಮಾಡ್ತಾ ಕೂತ್ರೆ ಅದು ಮೇಳ ಆಗುತ್ತಾ ಅಂದ್ರು. ಅವರು ಹೇಳಿದ್ದು ನ್ಯಾಯವೇ. ಹಾಗಾದ್ರೆ ನನಗೆ ನಮ್ಮ ಅಳಿಯನ ಮನೆಯೇ ಸಾಕು ಅಂತ ಹೇಳಿ, ಕೈಮುಗಿದು ಕಳಿಸಿಬಂದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಆಶ್ಚರ್ಯವೆಂದರೆ ಕನ್ನಡಕದವನಿಗೆ ಅಷ್ಟೇನೂ ಹಸಿವೂ ಆಗಲಿಲ್ಲ. ಮಾವನವರ ಗಂಟಲು ಗಂಟಲಾಗಿಯೇ ಉಳಿದಿತ್ತು, ತನ್ನ ತಪ್ಪು ಹೊರಗೆ ಬಂದಿರಲಿಲ್ಲ, ಬಂದದ್ದು ಒಳ್ಳೆಯತನವಾಗಿ ಬಂದಿತ್ತು. ಎದೆಯ ಮೇಲಿನ ಕಲ್ಲು ಇಳಿದವನಿಗೆ ಬೆನ್ನಿನ ನೋವು ಎಷ್ಟರದ್ದು?

"ಪೆಟ್ಟಿಗೆ ತೆಗೀರಿ" ಎಂದರು ಮಾವ.

ತೆಗೆದ. ಒಂದೇ ಒಂದು ಬಟ್ಟೆಯೂ ಇರಲಿಲ್ಲ. ಬಾಯಿತನಕ ಹಳೆಯ ಕ್ಯಾಸೆಟ್ಟುಗಳು, ಇಟ್ಟಿಗೆ ಜೋಡಿಸಿದ ಹಾಗೆ.

"ನನ್ನ ಪ್ರಾಯದಲ್ಲಿ ನಾನು ಮೆಚ್ಚಿ ಕೂಡಿಟ್ಟ ಹಾಡುಗಳು. ಎಲ್ಲಾ ನನ್ನ ಗಂಟಲಿಗೆ ಎತ್ತರ ಅಂತ ಒಂದನ್ನೂ ಹಾಡದೆ ಹಾಗೇ ಇಟ್ಟಿದ್ದೆ. ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಇವತ್ತು ಇಳಿಸಿದ ಹಾಗೇ ಇಳಿಸಿಕೊಡಿ. ಅವಸರ ಏನಿಲ್ಲ, ನಾನು ಇಲ್ಲೇ ಇರ್ತೀನಲ್ಲ."

ಇವತ್ತು ಇಳಿಸಿದ್ದು ಹೇಗೆಂದು ಕನ್ನಡಕದವನಿಗೆ ಗೊತ್ತಿರಲಿಲ್ಲ. ಗೊತ್ತುಬಿಡಿಗಂತೂ ಮೊದಲೇ ಗೊತ್ತಿರಲಿಲ್ಲ. ಬಲ್ಲವರೆಂದರೆ ಆ ದಪ್ಪ ಮೀಸೆಯ ಗಿರಾಕಿಯೊಬ್ಬರೇ. ಅವರಿಗೆ ಕನ್ನಡಕ ಕೊಟ್ಟಾಗಿತ್ತು, ಅವರು ಇನ್ನು ಎರಡು ವರ್ಷ ಬರುವುದಿಲ್ಲ. ಅವನು ಪೆಟ್ಟಿಗೆಯನ್ನು ಎಳೆದುಕೊಂಡು ಹಾಲಿಗೆ ಬಂದು, ಇಡಲು ಬೇರೆ ಜಾಗವಿಲ್ಲದೆ ಸೋಫಾದ ತುದಿಯಲ್ಲಿಟ್ಟ. ಗಿಡ್ಡವಿದ್ದ ಸೋಫಾ ಇನ್ನೊಂದು ಗೇಣು ಗಿಡ್ಡವಾಯಿತು.

ಊಟವಾಯಿತು. ಹೆಂಡತಿ ಮಡಚುವ ಮಂಚ ಬಿಡಿಸಿದಳು. ಕೋಣೆಯ ಬಾಗಿಲು ಮುಚ್ಚಿತು. ಇಡೀ ದಿನ ಕೇಳದಿದ್ದ ಆ ದನಿ ಬಾಗಿಲಾಚೆಯಿಂದ, ಅಂಗಾಲು ಊರಿ, ನಿಚ್ಚಳವಾಗಿ ಕೇಳಿಬಂತು:

"ಪ್ರಯಾಣಿಕರ ಗಮನಕ್ಕೆ. ಹಾಲಿನಿಂದ ಹೊರಟು ಮಲಗುವ ಕೋಣೆಯನ್ನು ತಲುಪಬೇಕಾಗಿದ್ದ ಅಳಿಯಂದಿರ ಗಾಡಿಯನ್ನು ಮುಂದಿನ ಆದೇಶದವರೆಗೆ ರದ್ದುಪಡಿಸಲಾಗಿದೆ. ಪ್ರಯಾಣಿಕರಿಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಕನ್ನಡಕದವನು ನಕ್ಕ, ಮೊಣಕಾಲು ಮಡಚಿಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದ.